ಸುರುಳಿ ತಂತಿ ಯಾಕ ಕಾಯ್ತದ?



ಆಳಂದ, ಅಫಜಲಪುರ, ಜೇವರ್ಗಿ ಕಡೆ ಕೆಲವರ ಮನೆಯಲ್ಲಿ ಕರೆಂಟಿನ ಒಲೆ ಇದೆ. ಅದರಲ್ಲಿ ಸುರುಳಿ ತಂತಿ ಇರ್ತದ. ಅದಕ್ಕೆ ಕಾಯಿಲ್ ಅಂತೀವಿ. ಕಾಯಿಲ್ ಕರೆಂಟನ್ನು ತಡೀತದ. ಆ ತಡೆಯಿಂದಲೇ ಕಾವು ಹುಟ್ಟುತ್ತದೆ.

ಕಾಯಿಲ್ ತುಂಡಾದರೆ ನಾವು ಏನು ಮಾಡ್ತೀವಿ? ತುದಿಗಳನ್ನು ಹೊಸೆದು ಜೋಡಿಸ್ತೀವಿ. ಆಗ ತಂತಿ ಗಿಡ್ಡ ಆಗ್ತದ. ತಡೆ ಕಡಿಮೆ ಆಗ್ತದ. ಕರೆಂಟು ಹೆಚ್ಚು ಹರಿಯುತ್ತದೆ. ಮನೆಯ ವೈರು ಕಾಯ್ತದ. ಬೆಂಕಿ ಹತ್ತಬಹುದು.

ಕೆಲವು ಹುಡುಗರು ಬೀಡಿಯ ಬದಲು ಇ-ಸಿಗರೇಟ್ ಸೇದುತ್ತಾರೆ. ಕೆಲವು ನೋಡಲು ಪೆನ್ನಿನ ಹಾಗೆ ಇರ್ತಾವ. ಒಳಗೆ ಸಣ್ಣ ಕಾಯಿಲ್, ಬ್ಯಾಟರಿ, ರಸ ಇರ್ತಾವ. ಕಾಯಿಲ್ ಕಾದಾಗ ರಸ ಆವಿಯಾಗುತ್ತದೆ. ರಸದಲ್ಲಿ ಹೆಚ್ಚಾಗಿ ನಿಕೋಟಿನ್ ಇರ್ತದ. ತಂಬಾಕಿನ ಚಟ ಹಿಡಿಸುವುದು ಇದೇ. ಕಾಯಿಲಿನ ತಡೆ ತೀರ ಕಡಿಮೆಯಾದರೆ ಬ್ಯಾಟರಿಗೆ ಭಾರ. ಬ್ಯಾಟರಿ ಕಾದು ಸಿಡಿಯಬಹುದು. ಇದನ್ನು ಮಾರುವುದು 2019ರಿಂದ ದೇಶದಲ್ಲಿ ಅಪರಾಧ.

ತುಂಡಾದ ಕಾಯಿಲ್ ಹೊಸೆಯುವುದು ಬೇಡ. ಪಿನ್ ತೆಗೆದು, ಹೊಸದು ಹಾಕಿಸೋಣ. ಮಗನ ಕಿಸೆಯಲ್ಲಿ ಇ-ಸಿಗರೇಟ್ ಕಂಡರೆ ತಿಳಿಸಿ ಹೇಳೋಣ.

ಉತ್ತರ ಹೇಳಿರಿ:
1. ಕಾಯಿಲ್ ಯಾಕೆ ಕಾಯುತ್ತದೆ?
2. ಕಾಯಿಲ್ ಗಿಡ್ಡ ಆದರೆ ಏನಾಗುತ್ತದೆ?