ಸಿದ್ದರಬೆಟ್ಟದ ಗವಿಗೆ ಗೊರಗುಂಟೆಪಾಳ್ಯದಿಂದ

ಗುಹೆ ಹೊಕ್ಕು ಬರುವ ಆಸೆಯಾದರೆ ಬೆಂಗಳೂರಿನವರು ಕೋಲಾರದ ಅಂತರಗಂಗೆಯತ್ತ ಹೊರಡುತ್ತಾರೆ. ತುಮಕೂರು ರಸ್ತೆಯ ಆಸುಪಾಸಿನವರಿಗೆ ಅಷ್ಟು ಸುತ್ತು ಬೇಕಿಲ್ಲ. ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ ಇತ್ತ ಕಡೆಯೇ ಇದೆ. ದಾರಿ ನೂರು ಕಿಲೋಮೀಟರಿನ ಆಚೀಚೆ.

ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಇಳಿದು ರಸ್ತೆಗೆ ಬಂದರೆ ತುಮಕೂರು ಕಡೆಯ ಬಸ್ಸು ಸಿಗುತ್ತದೆ. ಮಧುಗಿರಿ ಅಥವಾ ಪಾವಗಡದ ಬೋರ್ಡು ನೋಡಿ, ಕೊರಟಗೆರೆಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿ ಹತ್ತಿ. ದಾಸರಹಳ್ಳಿಯಲ್ಲಿ ಕಾಯುವುದಕ್ಕಿಂತ ಇಲ್ಲಿಗೇ ಬರುವುದು ಮೇಲು, ಫ್ಲೈಓವರ್ ಏರಿದ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಕೊರಟಗೆರೆಯಿಂದ ಆಟೊ ಮಾಡಿದರೆ ವಾಪಸಿಗೂ ಅವರನ್ನೇ ಮಾತಾಡಿಕೊಳ್ಳಿ.

ಮೆಟ್ಟಿಲು ಹತ್ತಿದರೆ ಗವಿಯೊಳಗಿನ ಸಿದ್ಧೇಶ್ವರ. ಅಲ್ಲೇ ಬಂಡೆಯ ಒಡಲಲ್ಲಿ ನೀರು. ಸೋಮವಾರ ಭಕ್ತರ ನೂಕುನುಗ್ಗಲು, ಬೇರೆ ದಿನ ನೋಡಿಕೊಳ್ಳಿ. ಕೈಯಲ್ಲಿ ತಿಂಡಿ ಹಿಡಿದು ನಡೆದರೆ ಅದು ಕೋತಿಗಳ ಪಾಲು.

ಬಹಳ ಜನ ದೇವಸ್ಥಾನ ನೋಡಿ ಇಳಿದುಬಿಡುತ್ತಾರೆ. ನಿಜವಾದ ಗವಿಗಳು ಅದರಾಚೆಗಿವೆ. ಆಂಧ್ರದ ಬೇಲಂ ಗುಹೆಯಂತೆ ಸುಣ್ಣಕಲ್ಲನ್ನು ನೀರು ಕೊರೆದು ಮಾಡಿದ ಸುರಂಗ ಇದಲ್ಲ. ರಾಮನಗರದಿಂದ ಉತ್ತರಕ್ಕೆ ಚಾಚಿದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಸೀಮೆಯಿದು. ಬಂಡೆ ಬಿರುಕುಬಿಟ್ಟು, ಬಿಸಿಲು ಮಳೆಗೆ ಅಂಚು ಸವೆದು, ಗುಂಡುಗಳು ಒಂದರ ಮೇಲೊಂದು ಉರುಳಿ ಕೂತಾಗ ಉಳಿದ ಸಂದುಗಳೇ ಗವಿ. ಹಾಗಾಗಿ ಒಳಗೆ ದಾರಿ ಅನ್ನುವುದೇ ಇಲ್ಲ; ಒಂದು ಸಂದಿನಿಂದ ನಾಲ್ಕು ಸಂದು ಒಡೆಯುತ್ತವೆ, ಎಲ್ಲವೂ ಹೊರಗೆ ತಲುಪಿಸುವುದಿಲ್ಲ. ಮೇಲಾಗಿ ಇದು ಕರಡಿ, ಚಿರತೆ ಓಡಾಡುವ ಸೀಮೆ.

ಆದ್ದರಿಂದ ಗವಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಲೇಬೇಕು. ದೇವಸ್ಥಾನದ ಬಳಿ ವಿಚಾರಿಸಿ, ದುಡ್ಡಿನ ಮಾತು ಮೊದಲೇ ಮುಗಿಸಿ. ಮಂಡಿನೋವು, ಕತ್ತಲ ಭಯ, ದಪ್ಪ ಮೈ ಏನಿದ್ದರೂ ಸಂಕೋಚಪಡದೆ ಹೇಳಿ. ಎಷ್ಟು ಆಳಕ್ಕೆ ಕರೆದೊಯ್ಯಬೇಕೆಂದು ಅವರು ಅದರ ಮೇಲೇ ತೀರ್ಮಾನಿಸುವುದು. “ಇಲ್ಲಿಗೆ ಸಾಕು” ಎಂದರೆ ಚೌಕಾಸಿ ಬೇಡ. ಅವರು ಕಾಲಿಟ್ಟಲ್ಲೇ ಕಾಲಿಡಿ, ಗುಂಪಿನ ಕೊನೆಗೆ ಗಟ್ಟಿಗರೊಬ್ಬರನ್ನು ಬಿಡಿ.

ಮೊಬೈಲ್ ಬೆಳಕು ನೆಚ್ಚಬೇಡಿ. ತೆವಳಲು ಎರಡೂ ಕೈ ಬೇಕು, ತಲೆಗೆ ಕಟ್ಟುವ ಟಾರ್ಚೇ ಸರಿ. ಹಿಡಿತವಿರುವ ಶೂ, ಮಂಡಿ ಮುಚ್ಚುವ ಬಟ್ಟೆ, ನೀರು ಇಷ್ಟಿದ್ದರೆ ಆಯಿತು; ದೊಡ್ಡ ಬ್ಯಾಗು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆ ಬಿದ್ದಿದ್ದರೆ ಬಂಡೆ ಜಾರುತ್ತದೆ, ಅಂದು ದೇವರ ದರ್ಶನ ಮಾಡಿ ಇಳಿಯಿರಿ. ನನ್ನ ಕೇಳಿದರೆ ಡಿಸೆಂಬರ್, ಜನವರಿ ಚೆನ್ನ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಕೊರಟಗೆರೆಗೆ ಇಳಿದಿರಬಹುದು.