ಬಾಕಿ ಪಟ್ಟಿ ಮತ್ತು ಕೋಶಗಳ ಆಯ್ಕೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ಪಾಠ

ಗ್ರಾಮ ಪಂಚಾಯತಿಗಳ ತೆರಿಗೆ ಲೆಕ್ಕವು ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಆದರೂ ವಾರ್ಡ್‌ವಾರು ಬಾಕಿ ಪಟ್ಟಿ, ನೀರಿನ ಕರದ ವಸೂಲಿ ವಿವರ, ಫಲಾನುಭವಿಗಳ ಕರಡು ಪಟ್ಟಿ ಮುಂತಾದವು ಅನೇಕ ಕಡೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ಹಾಳೆಯಲ್ಲಿ ಸಿದ್ಧವಾಗಿ, ಮುದ್ರಿತ ಪ್ರತಿಯಾಗಿ ಸಭೆಯ ಮುಂದೆ ಬರುತ್ತವೆ. ಹಾಳೆಯನ್ನು ಸಿದ್ಧಪಡಿಸುವವರು ಕಚೇರಿಯ ಸಿಬ್ಬಂದಿ. ಅದಕ್ಕೆ ಸಮ್ಮತಿ ನೀಡುವವರು ಸದಸ್ಯರು. ಆದಕಾರಣ ಗಣಕಯಂತ್ರವನ್ನು ಸ್ವತಃ ಮುಟ್ಟದ ಸದಸ್ಯರೂ ಕೋಶಗಳ ಆಯ್ಕೆ ಎಂದರೇನೆಂದು ತಿಳಿದಿರುವುದು ಅವಶ್ಯಕ.

ಹಾಳೆಯ ಪ್ರತಿ ಚೌಕವೂ ಒಂದು ಕೋಶ. ಸಿಬ್ಬಂದಿ ಇದನ್ನು ಸೆಲ್ ಎನ್ನುತ್ತಾರೆ. ಕಾಲಂಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳೂ ಸಾಲುಗಳಿಗೆ 1, 2, 3 ಎಂಬ ಅಂಕಿಗಳೂ ಇರುವುದರಿಂದ ಸಿ ಕಾಲಮಿನ 5ನೇ ಸಾಲಿನ ಕೋಶದ ಹೆಸರು ಸಿ5. ಮೌಸ್‌ನಿಂದ ಒಮ್ಮೆ ಒತ್ತಿದರೆ ಒಂದು ಕೋಶ ಆಯ್ಕೆಯಾಗುತ್ತದೆ. ಒತ್ತಿ ಹಿಡಿದು ಎಳೆದರೆ, ಅಥವಾ ಮೊದಲ ಕೋಶವನ್ನು ಒತ್ತಿ ಶಿಫ್ಟ್ ಕೀಲಿಯೊಡನೆ ಕೊನೆಯ ಕೋಶವನ್ನು ಒತ್ತಿದರೆ ನಡುವಿನದೆಲ್ಲವೂ ಸೇರುತ್ತದೆ. ಕಂಟ್ರೋಲ್ ಕೀಲಿಯೊಡನೆ ಒತ್ತಿದರೆ ದೂರದೂರದ ಕೋಶಗಳನ್ನೂ ಒಟ್ಟಿಗೆ ಆರಿಸಬಹುದು. ಕಾಲಮಿನ ತಲೆಯ ಮೇಲಿನ ಅಕ್ಷರವನ್ನು ಒತ್ತಿದರೆ ಇಡೀ ಕಾಲಂ ಆಯ್ಕೆಯಾಗುತ್ತದೆ. ಈಗಿನ ಎಕ್ಸೆಲ್‌ನಲ್ಲಿ ಹಾಗೆಂದರೆ 10,48,576 ಕೋಶಗಳು. ನಾಲ್ಕುನೂರು ಮನೆಗಳ ಗ್ರಾಮಕ್ಕೆ ಇಷ್ಟು ದೊಡ್ಡ ಆಯ್ಕೆ ಬೇಕಾಗುವುದು ಅಪರೂಪ. ಆಯ್ಕೆಯಾದ ಭಾಗದ ಸುತ್ತ ಗೆರೆ ಮೂಡಿ, ಒಳಭಾಗದ ಬಣ್ಣ ಬದಲಾಗುತ್ತದೆ. ಮುಂದೆ ಕೊಡುವ ಆಜ್ಞೆ, ಅದು ಅಳಿಸುವುದಿರಲಿ ವಿಂಗಡಿಸುವುದಿರಲಿ, ಸಾಮಾನ್ಯವಾಗಿ ಆ ಗೆರೆಯೊಳಗಿನ ಕೋಶಗಳಿಗೆ ಮಾತ್ರ ಅನ್ವಯಿಸುತ್ತದೆ. ಕೈಬರಹದ ವಹಿಯಲ್ಲಿ ಒಂದು ಮನೆಯ ಹೆಸರೂ ಅದರ ಬಾಕಿಯೂ ಒಂದೇ ಗೆರೆಯ ಮೇಲೆ ಶಾಶ್ವತವಾಗಿ ನಿಂತಿರುತ್ತವೆ. ಗಣಕಯಂತ್ರದ ಹಾಳೆಯಲ್ಲಿ ಅವೆರಡರ ನಡುವೆ ಅಂತಹ ಬಂಧನವಿಲ್ಲ. ಆಯ್ಕೆ ಸರಿಯಾಗಿದ್ದರೆ ಮಾತ್ರ ಅವು ಜೊತೆಯಾಗಿ ಚಲಿಸುತ್ತವೆ.

ಇದರ ಪರಿಣಾಮವನ್ನು ನಾಲ್ಕು ಮನೆಗಳ ಉದಾಹರಣೆಯಿಂದ ತಿಳಿಯಬಹುದು. ಮನೆ ಸಂಖ್ಯೆ 12ರ ಬಾಕಿ 2,400 ರೂಪಾಯಿ. ಮನೆ ಸಂಖ್ಯೆ 13ರವರು ಪೂರ್ತಿ ಪಾವತಿಸಿದ್ದಾರೆ, ಬಾಕಿ 0. ಮನೆ ಸಂಖ್ಯೆ 14ರದು 650, 15ರದು 1,150. ಒಟ್ಟು ಬಾಕಿ 4,200 ರೂಪಾಯಿ. ಹೆಚ್ಚು ಬಾಕಿಯವರು ಮೊದಲು ಬರಲೆಂದು ಪಟ್ಟಿಯನ್ನು ವಿಂಗಡಿಸುವಾಗ ಬಾಕಿಯ ಕಾಲಂ ಒಂದನ್ನೇ ಆಯ್ಕೆ ಮಾಡಿದರೆಂದು ಭಾವಿಸೋಣ. ಮೊತ್ತಗಳು 2,400, 1,150, 650, 0 ಎಂದು ಇಳಿಕೆಯ ಕ್ರಮದಲ್ಲಿ ನಿಲ್ಲುತ್ತವೆ. ಮನೆ ಸಂಖ್ಯೆಗಳು ಮಾತ್ರ ಇದ್ದಲ್ಲಿಯೇ ಇರುತ್ತವೆ. ಈಗ ಒಂದು ಪೈಸೆ ಬಾಕಿ ಇಲ್ಲದ 13ನೇ ಮನೆಯ ಎದುರು 1,150 ರೂಪಾಯಿ ಕಾಣುತ್ತದೆ, 15ನೇ ಮನೆಯ ಬಾಕಿ ಸೊನ್ನೆಯಾಗುತ್ತದೆ. 12 ಮತ್ತು 14ನೇ ಮನೆಗಳ ಮೊತ್ತ ಆಕಸ್ಮಿಕವಾಗಿ ಹಿಂದಿನಂತೆಯೇ ಉಳಿದಿರುವುದರಿಂದ ಆ ಎರಡನ್ನು ಮಾತ್ರ ತಾಳೆ ನೋಡಿದವರಿಗೆ ಪಟ್ಟಿ ನಿರ್ದುಷ್ಟವೆಂದೇ ತೋರುತ್ತದೆ. ಒಟ್ಟು ಮೊತ್ತವೂ ಅದೇ 4,200. ಸಭೆಯಲ್ಲಿ ಸಾಮಾನ್ಯವಾಗಿ ಪರಿಶೀಲನೆಗೆ ಒಳಗಾಗುವುದು ಈ ಒಟ್ಟು ಮೊತ್ತವೇ ಆದ್ದರಿಂದ ದೋಷವು ಅಲ್ಲಿ ಸಿಕ್ಕಿಬೀಳುವುದಿಲ್ಲ. ಅದು ಬಯಲಾಗುವುದು ಬಿಲ್ ಕಲೆಕ್ಟರ್ ತಗಾದೆ ಸೂಚನೆ ಹಿಡಿದು 13ನೇ ಮನೆಯ ಬಾಗಿಲಿಗೆ ಹೋದಾಗ. ಆ ಮನೆಯವರು ರಸೀದಿಯನ್ನು ಜೋಪಾನ ಮಾಡಿದ್ದರೆ ಮಾತ್ರ.

ಎಕ್ಸೆಲ್ ಇಂತಹ ಸಂದರ್ಭದಲ್ಲಿ ಎಚ್ಚರಿಸದೆ ಬಿಡುವುದಿಲ್ಲ. ಒಂದೇ ಕಾಲಂ ಆಯ್ಕೆಯಾಗಿ ಪಕ್ಕದಲ್ಲಿ ಮಾಹಿತಿ ಇದ್ದರೆ, ಆಯ್ಕೆಯನ್ನು ಪಕ್ಕದ ಕಾಲಂಗಳಿಗೂ ವಿಸ್ತರಿಸಬೇಕೇ ಅಥವಾ ಇದ್ದಷ್ಟಕ್ಕೇ ಮುಂದುವರಿಯಬೇಕೇ ಎಂದು ಕೇಳುತ್ತದೆ. ವಿಸ್ತರಿಸುವುದೇ ಸರಿಯಾದ ಉತ್ತರ. ಆದರೆ ಈ ಎಚ್ಚರಿಕೆಯನ್ನು ಪೂರ್ಣವಾಗಿ ನಂಬಿ ಕೂರುವಂತಿಲ್ಲ. ಐದು ಕಾಲಂಗಳ ಪಟ್ಟಿಯಲ್ಲಿ ಎರಡು ಅಥವಾ ಮೂರನ್ನು ಆಯ್ಕೆ ಮಾಡಿದ್ದರೆ ಅದು ಏನನ್ನೂ ಕೇಳದೆ ಅಷ್ಟನ್ನು ಮಾತ್ರ ವಿಂಗಡಿಸುತ್ತದೆ. ನೋಟಕ್ಕೆ ಚೆನ್ನಾಗಿರಲೆಂದು ಹೆಸರು ಮತ್ತು ಮೊತ್ತದ ನಡುವೆ ಒಂದು ಕಾಲಂ ಖಾಲಿ ಬಿಡುವ ರೂಢಿ ಇನ್ನೂ ಅಪಾಯಕಾರಿ: ಖಾಲಿ ಕಾಲಂ ಬಂದಲ್ಲಿ ತಂತ್ರಾಂಶವು ಪಟ್ಟಿ ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತದೆ. ಖಾಲಿ ಕಾಲಂ, ಖಾಲಿ ಸಾಲುಗಳಿಲ್ಲದ ಪಟ್ಟಿಯಲ್ಲಿ ಯಾವುದಾದರೂ ಒಂದು ಕೋಶವನ್ನು ಒತ್ತಿ, ಕಂಟ್ರೋಲ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಪಟ್ಟಿ ಆಯ್ಕೆಯಾಗುತ್ತದೆ. ವಿಂಗಡಣೆಗೆ ಮುನ್ನ ಹೀಗೆ ಮಾಡಿ, ಬಣ್ಣವು ಕೊನೆಯ ಕಾಲಮಿನವರೆಗೆ ಹರಡಿದೆಯೇ ಎಂದು ಕಣ್ಣಿನಿಂದ ನೋಡುವುದಕ್ಕೆ ಅರ್ಧ ನಿಮಿಷವೂ ಹಿಡಿಯದು.

ಅಳಿಸುವಾಗಲೂ ಇದೇ ತೊಡಕು ಬೇರೊಂದು ರೂಪದಲ್ಲಿ ಬರುತ್ತದೆ. ಎರಡು ಬಾರಿ ನಮೂದಾದ ಹೆಸರೊಂದನ್ನು ತೆಗೆಯಬೇಕಾದಾಗ ಆ ಹೆಸರಿನ ಕೋಶವನ್ನಷ್ಟೇ ಆರಿಸಿ, ಕೆಳಗಿನ ಕೋಶಗಳನ್ನು ಮೇಲಕ್ಕೆ ಸರಿಸುವ ಆಜ್ಞೆ ಕೊಟ್ಟರೆ, ಅದರ ಕೆಳಗಿರುವ ಪ್ರತಿ ಹೆಸರೂ ಒಂದೊಂದು ಸಾಲು ಮೇಲಕ್ಕೇರಿ ಮತ್ತೊಬ್ಬರ ಮೊತ್ತದ ಎದುರು ನಿಲ್ಲುತ್ತದೆ. ಎಡಬದಿಯ ಸಾಲಿನ ಅಂಕಿಯನ್ನು ಒತ್ತಿ ಇಡೀ ಸಾಲನ್ನೇ ಆರಿಸಿ ತೆಗೆಯುವುದು ಕ್ರಮ.

ಒಟ್ಟು ಮೊತ್ತದ ವಿಷಯದಲ್ಲಿಯೂ ಆಯ್ಕೆ ಉಪಯುಕ್ತ. ಮೊತ್ತದ ಕೋಶಗಳನ್ನು ಆರಿಸಿದೊಡನೆ ಪರದೆಯ ಕೆಳ ಅಂಚಿನ ಪಟ್ಟಿಯಲ್ಲಿ ಅವುಗಳ ಮೊತ್ತ, ಸರಾಸರಿ ಮತ್ತು ತುಂಬಿದ ಕೋಶಗಳ ಎಣಿಕೆ ತಾನಾಗಿ ಕಾಣಿಸುತ್ತದೆ. ಮೇಲಿನ ಉದಾಹರಣೆಯಲ್ಲಿ 4,200 ಎಂದೂ ಎಣಿಕೆ 4 ಎಂದೂ ಬರಬೇಕು. ಬದಲಿಗೆ 3,550 ಎಂದು ಬಂದರೆ, 14ನೇ ಮನೆಯ ಎದುರು 650 ಎಂಬುದರ ಬದಲು 650/- ಎಂದು ಬರೆದಿರುವ ಸಂಭವವುಂಟು. ವೋಚರಿನಲ್ಲಿ ಹಾಗೆ ಬರೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಹಾಳೆಯ ಕೋಶದಲ್ಲಿ ಆ ಗೆರೆ ಸೇರಿದರೆ ತಂತ್ರಾಂಶವು ಅದನ್ನು ಸಂಖ್ಯೆಯಾಗಿ ಪರಿಗಣಿಸದೆ ಅಕ್ಷರವೆಂದು ಬಗೆದು ಕೂಡಿಕೆಯಿಂದ ಬಿಟ್ಟುಬಿಡುತ್ತದೆ. ಎಣಿಕೆ ಮಾತ್ರ ಆಗಲೂ 4 ಎಂದೇ ತೋರಿಸುತ್ತದೆ. ಕೋಶದ ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಸಂಖ್ಯೆ ಬಲಕ್ಕೂ ಅಕ್ಷರ ಎಡಕ್ಕೂ ಅಂಟಿ ನಿಲ್ಲುವುದರಿಂದ ಇಂತಹ ಕೋಶವನ್ನು ಗುರುತಿಸುವುದು ಕಷ್ಟವಲ್ಲ.

ಬಾಕಿ ಇಲ್ಲದವರ ಎದುರು ಕೋಶವನ್ನು ಖಾಲಿ ಬಿಡುವುದೂ ಸಲ್ಲದು. ಉದ್ದನೆಯ ಪಟ್ಟಿಯಲ್ಲಿ ಮೌಸ್ ಎಳೆಯುವ ಬದಲು ಕಂಟ್ರೋಲ್, ಶಿಫ್ಟ್ ಮತ್ತು ಕೆಳಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿ ಆಯ್ಕೆ ಮಾಡುವುದು ವಾಡಿಕೆ. ತುಂಬಿದ ಕೋಶಗಳ ನಡುವೆ ಖಾಲಿ ಕೋಶ ಎದುರಾದೊಡನೆ ಆ ಆಯ್ಕೆ ಅದರ ಮೇಲಿನ ಕೋಶದಲ್ಲೇ ನಿಲ್ಲುತ್ತದೆ, ಕೆಳಗಿನ ಮನೆಗಳು ಕೂಡಿಕೆಯಿಂದ ಹೊರಗುಳಿಯುತ್ತವೆ. ಅಂತಹ ಕಡೆ 0 ಬರೆಯುವುದರಿಂದ ಈ ತೊಂದರೆ ತಪ್ಪುತ್ತದೆ.

ಮರೆಮಾಡಿದ ಸಾಲುಗಳು ಮತ್ತೊಂದು ಬಗೆಯ ಬಲೆ. ಕೆಲವು ಸಾಲುಗಳನ್ನು ಕೈಯಿಂದ ಮರೆಮಾಡಿ, ಉಳಿದುದನ್ನು ಎಳೆದು ಆರಿಸಿ ನಕಲು ಮಾಡಿದರೆ, ಎಕ್ಸೆಲ್‌ನಲ್ಲಿ ಮರೆಯಾದ ಸಾಲುಗಳೂ ಜೊತೆಗೇ ನಕಲಾಗುತ್ತವೆ. ಫಲಾನುಭವಿಗಳ ಪಟ್ಟಿಯಲ್ಲಿ ಕೈಬಿಟ್ಟ ಅರ್ಜಿದಾರರ ಹೆಸರುಗಳು ಹೊಸ ಹಾಳೆಯಲ್ಲಿ ಮತ್ತೆ ಕಾಣಿಸಿಕೊಳ್ಳಲು ಇದೂ ಒಂದು ಕಾರಣವಾಗಬಹುದು. ಆಯ್ಕೆಯ ನಂತರ ಆಲ್ಟ್ ಮತ್ತು ಅರ್ಧವಿರಾಮ ಚಿಹ್ನೆಯ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಕಾಣುವ ಕೋಶಗಳು ಮಾತ್ರ ಆಯ್ಕೆಯಲ್ಲಿ ಉಳಿಯುತ್ತವೆ. ಎಡಬದಿಯ ಸಾಲು ಸಂಖ್ಯೆ 7ರಿಂದ ನೇರವಾಗಿ 11ಕ್ಕೆ ಹಾರಿದ್ದರೆ ನಡುವೆ ಸಾಲುಗಳು ಮರೆಯಾಗಿವೆ ಎಂದೇ ಅರ್ಥ.

ತಪ್ಪು ನಡೆದ ಕ್ಷಣದಲ್ಲಿಯೇ ಗಮನಕ್ಕೆ ಬಂದರೆ ಕಂಟ್ರೋಲ್ ಮತ್ತು ಝಡ್ ಕೀಲಿಗಳಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಆ ದಾರಿ ಇಲ್ಲ. ಕ್ರಮಸಂಖ್ಯೆಯ ಕಾಲಂ ಇದ್ದರೂ, ಮೊತ್ತದ ಕಾಲಂ ಮಾತ್ರ ಕದಲಿದ್ದಾಗ ಅದರಿಂದ ಪ್ರಯೋಜನವಾಗದು. ಕ್ರಮಸಂಖ್ಯೆಯು ಹೆಸರಿನ ಜೊತೆಗೇ ಉಳಿದುಬಿಟ್ಟಿರುತ್ತದೆ. ವಿಂಗಡಣೆಗೆ ಮುಂಚೆ ದಿನಾಂಕ ಸಹಿತ ಬೇರೆ ಹೆಸರಿನಲ್ಲಿ ತೆಗೆದಿಟ್ಟ ಮೂಲ ಪ್ರತಿಯೊಂದೇ ಆಗ ಆಧಾರ.

ಸಭೆಯಲ್ಲಿ ಮುದ್ರಿತ ಬಾಕಿ ಪಟ್ಟಿ ಕೈಗೆ ಬಂದಾಗ ಸದಸ್ಯರು ಮೂಲ ಪ್ರತಿಯನ್ನು ಉಳಿಸಲಾಗಿದೆಯೇ ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಕೇಳಬಹುದು. ತಮ್ಮ ವಾರ್ಡಿನ ನಾಲ್ಕಾರು ಮನೆಗಳ ಬಾಕಿಯನ್ನು ರಸೀದಿ ಪುಸ್ತಕದೊಡನೆ ತಾಳೆ ನೋಡಬಹುದು. ಇದಕ್ಕೆ ಪಟ್ಟಿಯ ತುದಿಯಲ್ಲಿರುವ ದೊಡ್ಡ ಬಾಕಿದಾರರಿಗಿಂತ, ಈ ವರ್ಷ ಪೂರ್ತಿ ಪಾವತಿಸಿದ್ದಾರೆಂದು ಸದಸ್ಯರಿಗೆ ಖಚಿತವಾಗಿ ಗೊತ್ತಿರುವ ಮನೆಗಳನ್ನು ಆರಿಸಿಕೊಳ್ಳುವುದು ಲೇಸು. ಅವರ ಎದುರು ಸೊನ್ನೆಯ ಹೊರತು ಬೇರೆ ಅಂಕಿ ಕಂಡರೆ ಪಟ್ಟಿಯನ್ನು ಅಂಗೀಕರಿಸದೆ, ಮೂಲ ಪ್ರತಿಯಿಂದ ಹೊಸದಾಗಿ ಸಿದ್ಧಪಡಿಸಿ ತರುವಂತೆ ಸೂಚಿಸತಕ್ಕದ್ದು.