ಸೊನ್ನೆ ಕಂಡರೆ ಫ್ಯಾನ್ ಬಿಚ್ಚಬೇಡ

ಮಗಾ, ದಿನಾ ಕಲ್ಯದಿಂದ ಮಾಗಡಿಗೆ ಬಂದು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದೀಯ, ಸಂತೋಷ. ಸ್ಕ್ರೂ ಬಿಚ್ಚೋದನ್ನ ಯಾರು ಬೇಕಾದರೂ ಹೇಳಿಕೊಡ್ತಾರೆ. ನಾನು ಹೇಳೋದು ಇಷ್ಟೇ: ಸ್ಕ್ರೀನ್ ಮೇಲೆ ಬಂದ ಅಂಕಿಯನ್ನು ನಂಬುವ ಮುಂಚೆ, ಅದನ್ನು ಎಣಿಸಿದ್ದು ಯಾರು, ಎಷ್ಟರವರೆಗೆ ಎಣಿಸೋಕೆ ಅವರಿಗೆ ಬರುತ್ತೆ ಅಂತ ತಿಳಿದುಕೊ.

ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಅಂತ ಹೊಡೆದರೆ ಫ್ಯಾನಿನ ವೇಗ ಬರುತ್ತೆ. ಅದನ್ನು ಅಳೆಯೋದು ಮದರ್‌ಬೋರ್ಡಿನ ಒಂದು ಚಿಪ್ಪು. ಫ್ಯಾನಿನ ಮೂರನೇ ತಂತಿ ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತೆ. ಹಳೇ ಚಿಪ್ಪುಗಳು ಮಿಡಿತವನ್ನು ಎಣಿಸಲ್ಲ, ಒಂದು ಸುತ್ತಿಗೆ ತಮ್ಮ ಗಡಿಯಾರ ಎಷ್ಟು ಸಲ ಟಿಕ್ ಅಂದಿತು ಅಂತ ಎಣಿಸ್ತವೆ. ಆ ಗಡಿಯಾರ ನಿಮಿಷಕ್ಕೆ 13,50,000 ಟಿಕ್ ಹೊಡೆಯುತ್ತೆ. ಫ್ಯಾನ್ ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಸುತ್ತಿಗೆ 1,125 ಟಿಕ್. ಆದರೆ ಚಿಪ್ಪಿಗೆ 255ರಿಂದಾಚೆ ಎಣಿಸೋಕೆ ಬರಲ್ಲ. ಅದಕ್ಕೇ ಒಂದು ಭಾಜಕ ಇಟ್ಟಿದ್ದಾರೆ. ಎರಡರಿಂದ ಭಾಗಿಸಿದರೆ 562, ನಾಲ್ಕರಿಂದ 281, ಎರಡೂ ಮೀರಿದವು. ಎಂಟರಿಂದ ಭಾಗಿಸಿದರೆ 140, ಆಗ ಹಿಡಿಯುತ್ತೆ. ಭಾಜಕ ಎರಡಕ್ಕೇ ನಿಂತಿದ್ದರೆ ಲೆಕ್ಕ ತುಂಬಿ ಹೋಗಿ ಡ್ರೈವರ್ ಸೊನ್ನೆ ತೋರಿಸುತ್ತೆ. ಫ್ಯಾನ್ ಪಾಡಿಗೆ ಫ್ಯಾನ್ ತಿರುಗ್ತಾನೇ ಇರುತ್ತೆ! ನಿಧಾನವಾದಷ್ಟೂ ಎಣಿಕೆ ದೊಡ್ಡದಾಗುತ್ತೆ ಅನ್ನೋದು ನೆನಪಿರಲಿ. ‘ಫ್ಯಾನ್1_ಡಿವ್’ ಅನ್ನೋ ಕಡತಕ್ಕೆ 8 ಬರೆದರೆ ಸರಿಹೋಗುತ್ತೆ. ಹೊಸ ಚಿಪ್ಪುಗಳಲ್ಲಿ ಎಣಿಕೆಗೆ ಜಾಗ ಹೆಚ್ಚು, ಅಲ್ಲಿ ಈ ತಾಪತ್ರಯ ಕಡಿಮೆ.

ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬೇಡ. ನಿಮ್ಮೂರ ಶಾಸನವನ್ನೇ ನೋಡು: 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ರಾಜಿ ಶ್ರವಣಬೆಳಗೊಳದ ಕಲ್ಲಲ್ಲೂ ಇದೆ, ಕಲ್ಯದ ಕಲ್ಲಲ್ಲೂ ಇದೆ. ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು. ಫ್ಯಾನಿಗೂ ಎರಡನೇ ಸಾಕ್ಷಿ ಇದೆ. ಇಂಟೆಲ್ ಪ್ರೊಸೆಸರ್ ಆದರೆ ‘ಕೋರ್‌ಟೆಂಪ್’, ಎಎಂಡಿ ಆದರೆ ‘ಕೆ10ಟೆಂಪ್’ ಡ್ರೈವರು ಪ್ರೊಸೆಸರಿನೊಳಗಿನ ಬಿಸಿಯನ್ನೇ ಓದುತ್ತೆ. ಕಡತದಲ್ಲಿ 45000 ಅಂತಿದ್ದರೆ ಗಾಬರಿ ಬೀಳಬೇಡ, ಅದು 45 ಡಿಗ್ರಿ. ಕೆಲಸ ಕೊಟ್ಟಾಗ ಬಿಸಿ ಏರಿ, ಪ್ರೊಸೆಸರಿನ ಮಿತಿಗಿಂತ ಸಾಕಷ್ಟು ಕೆಳಗೇ ಒಂದು ಮಟ್ಟದಲ್ಲಿ ನಿಂತರೆ, ವೇಗ ಸೊನ್ನೆ ಅಂದರೂ ಬಹುಶಃ ಗಾಳಿ ಆಡ್ತಿದೆ ಅಂತ ಲೆಕ್ಕ. ಬಿಸಿ ಏರ್ತಾನೇ ಹೋದರೆ, ಅಂಕಿ ಎಷ್ಟೇ ಚೆನ್ನಾಗಿದ್ದರೂ ಹೀಟ್‌ಸಿಂಕಲ್ಲಿ ಧೂಳು ಕಟ್ಟಿದೆಯಾ, ಪೇಸ್ಟ್ ಒಣಗಿದೆಯಾ ನೋಡು.

ಇನ್ನು ಕೈಗೆ ಸಂಬಂಧಿಸಿದ ಮಾತು. ಇಂಥ ಚಿಪ್ಪುಗಳನ್ನು ಹುಡುಕೋ ‘ಸೆನ್ಸರ್ಸ್-ಡಿಟೆಕ್ಟ್’ ಪ್ರಶ್ನೆ ಕೇಳಿದಾಗ ಅದು ಸೂಚಿಸಿದ ಉತ್ತರಕ್ಕೇ ಎಂಟರ್ ಒತ್ತು, ಜಾಣತನ ತೋರಿಸಬೇಡ. ವೇಗವನ್ನು ಕೈಯಾರೆ ಇಳಿಸಿ ಪರೀಕ್ಷೆ ಮಾಡಿದ್ದರೆ, ಮಷಿನ್ ವಾಪಸ್ ಕೊಡೋ ಮುಂಚೆ ಆಟೋಮ್ಯಾಟಿಕ್‌ಗೆ ಹಾಕು. ಬ್ಲೋಯರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ತಡೆದುಕೊ. ಗಾಳಿಗೆ ಮಿತಿಮೀರಿ ಸುತ್ತಿದರೆ ಬೇರಿಂಗ್ ಹಾಳಾಗುತ್ತೆ.

ರಾಗಿ ಒಕ್ಕಣೆ ಧೂಳಿನ ಊರುಗಳಿಂದ ಮಷಿನ್ ತರ್ತಾರೆ. ಹೆಚ್ಚಿನವರಿಗೆ ಕ್ಲೀನ್ ಮಾಡಿಕೊಟ್ಟರೆ ಸಾಕು. ಹೊಸ ಫ್ಯಾನಿನ ಬಿಲ್ ಬರೆಯೋ ಮುಂಚೆ ಕೇಸ್ ತೆಗೆದು ಕಣ್ಣಲ್ಲಿ ನೋಡು, ಕಿವಿಗೊಟ್ಟು ಕೇಳು, ಆಮೇಲೆ ಬಿಸಿಯ ಅಂಕಿ ನೋಡು. ಮೂರೂ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಗಿರಾಕಿಗೆ ಹೇಳು.